ಮುಯ್ಯಿ ಪುಸ್ತಕದಲ್ಲಿ ಯಾರ ಹೆಸರಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆ ಮನೆಯ ಬಾಗಿಲ ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು, ನೋಟ್‌ಬುಕ್ ಬಿಡಿಸಿ ಕೂತಿರುತ್ತಾರಲ್ಲ, ಮುಯ್ಯಿ ಬರೆದುಕೊಳ್ಳುವವರು, ಅವರನ್ನು ಒಮ್ಮೆ ನೆನಪಿಸಿಕೊಳ್ಳಿ. ಹೆಸರು, ಊರು, ಎಷ್ಟು. ಮೂರೇ ಕಾಲಂ. ಮುಂದೆ ಅವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಈ ಪುಸ್ತಕ ತೆಗೆದು ನೋಡುತ್ತೇವೆ. ಅವರು ಹಾಕಿದಷ್ಟಾದರೂ ನಾವು ಹಾಕಬೇಕು. ಮುಯ್ಯಿ ಎಂದರೆ ಅದೇ ತಾನೆ, ಕೊಟ್ಟದ್ದು ಒಂದು ದಿನ ತಿರುಗಿ ಬರಬೇಕು.

ರಾಜಕೀಯ ಪಕ್ಷಗಳಿಗೆ ದೊಡ್ಡ ಕಂಪನಿಗಳು, ದೊಡ್ಡ ಶ್ರೀಮಂತರು ಕೊಡುವ ದೇಣಿಗೆಯೂ ಮುಯ್ಯಿಯೇ. ಆದರೆ ಅದನ್ನು ತೀರಿಸುವುದು ಪಕ್ಷದ ಜೇಬಿನಿಂದಲ್ಲ. ರಸ್ತೆ ಗುತ್ತಿಗೆಯಾಗಿ, ಗಣಿ ಪರವಾನಗಿಯಾಗಿ, ತೆರಿಗೆ ರಿಯಾಯಿತಿಯಾಗಿ, ಕಾನೂನಿನಲ್ಲಿ ಸದ್ದಿಲ್ಲದೆ ಬದಲಾದ ಒಂದು ಸಾಲಾಗಿ ಅದು ತೀರುತ್ತದೆ. ಅಂದರೆ ತೀರಿಸುವವರು ನೀವು, ನಾವು. ತೀರಿಸುವವರಿಗೆ ಪುಸ್ತಕ ಕಾಣಬೇಕು. ಮತ ಹಾಕಿ ಬಂದ ಮೇಲಲ್ಲ, ಮತ ಹಾಕುವ ಮುಂಚೆ ಕಾಣಬೇಕು. ಇವತ್ತು ನಾನು ಹೇಳಲು ಬಂದಿರುವುದು ಈ ಒಂದೇ ಮಾತು.

ಮೊದಲು ಅಳತೆ ತಿಳಿದುಕೊಳ್ಳೋಣ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾಗಿದ್ದ ಗರಿಷ್ಠ ಮೊತ್ತ 95 ಲಕ್ಷ ರೂಪಾಯಿ. 2023ರ ವಿಧಾನಸಭೆಗೆ 40 ಲಕ್ಷ. ಬ್ಯಾನರು, ಮೈಕು, ವಾಹನ, ಚಹಾ, ತಿಂಡಿ ಎಲ್ಲ ಆ ಲೆಕ್ಕದೊಳಗೇ ಬರಬೇಕು. ಆದರೆ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ದಯವಿಟ್ಟು ಇದನ್ನು ಗಮನಿಸಿ, ತುಂಬ ಜನರಿಗೆ ಇದು ಗೊತ್ತಿಲ್ಲ. ಅಭ್ಯರ್ಥಿಗೆ ಮಿತಿ ಇದೆ, ಪಕ್ಷಕ್ಕೆ ಇಲ್ಲ. ಪತ್ರಿಕೆಯ ಮುಖಪುಟದ ಜಾಹೀರಾತು, ಮೊಬೈಲಿನಲ್ಲಿ ಬರುವ ಪ್ರಚಾರದ ವಿಡಿಯೊ, ತಾರಾ ಪ್ರಚಾರಕರ ಹೆಲಿಕಾಪ್ಟರ್ ಪ್ರಯಾಣ, ಇವೆಲ್ಲ ಪಕ್ಷದ ಖಾತೆಗೆ ಹೋಗುತ್ತವೆ. ಮಾನ್ಯತೆ ಪಡೆದ ಪಕ್ಷವೊಂದು 40 ತಾರಾ ಪ್ರಚಾರಕರನ್ನು ಹೆಸರಿಸಬಹುದು. ದೊಡ್ಡ ದೇಣಿಗೆ ಒಳಗೆ ಬರುವುದು ಈ ಮಿತಿಯಿಲ್ಲದ ಬಾಗಿಲಿನಿಂದ.

ಕಂಪನಿಗಳ ದೇಣಿಗೆಗೆ ನಮ್ಮ ದೇಶದಲ್ಲಿ ಒಂದು ಇತಿಹಾಸವೇ ಇದೆ. 1969ರಲ್ಲಿ ಅದನ್ನು ಪೂರ್ತಿ ನಿಷೇಧಿಸಲಾಯಿತು. 1985ರಲ್ಲಿ ಲಾಭದ ಶೇಕಡ 5ರ ಮಿತಿಯೊಂದಿಗೆ ಮತ್ತೆ ಬಿಟ್ಟರು. 2013ರ ಕಂಪನಿ ಕಾಯ್ದೆ ಅದನ್ನು ಶೇಕಡ 7.5ಕ್ಕೆ ಏರಿಸಿತು. ಲೆಕ್ಕ ಹೇಗೆ? ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿ ತೆಗೆಯಬೇಕು. ಒಂದು ಕಂಪನಿಗೆ ಕ್ರಮವಾಗಿ 4 ಕೋಟಿ, 6 ಕೋಟಿ, 8 ಕೋಟಿ ಲಾಭ ಬಂದಿದೆ ಎನ್ನಿ. ಸರಾಸರಿ 6 ಕೋಟಿ, ಅದರ ಶೇಕಡ 7.5 ಅಂದರೆ 45 ಲಕ್ಷ. ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಕಂಪನಿ ಹುಟ್ಟಿ ಮೂರು ವರ್ಷವಾದರೂ ಆಗಿರಬೇಕು. ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆವೆಂದು ತನ್ನ ಲಾಭ ನಷ್ಟದ ಪಟ್ಟಿಯಲ್ಲಿ ಬರೆಯಬೇಕು. ಅಂದರೆ ಮುಯ್ಯಿ ಪುಸ್ತಕ ಇತ್ತು, ಮಸುಕಾಗಿಯಾದರೂ ಕಾಣುತ್ತಿತ್ತು.

2017ರ ಹಣಕಾಸು ಕಾಯ್ದೆ ಇದರಲ್ಲಿ ಮುಖ್ಯವಾದದ್ದನ್ನೇ ಅಳಿಸಿತು. ಶೇಕಡ 7.5ರ ಮಿತಿ ಹೋಯಿತು, ಪಕ್ಷದ ಹೆಸರು ಬರೆಯಬೇಕೆಂಬ ಷರತ್ತೂ ಹೋಯಿತು. 2018ರ ಜನವರಿ 2ರಂದು ಚುನಾವಣಾ ಬಾಂಡ್ ಯೋಜನೆಯ ಅಧಿಸೂಚನೆ ಬಂತು. ಬಾಂಡ್ ಅಂದರೆ ಬ್ಯಾಂಕಿನಲ್ಲಿ ಹಣ ಕೊಟ್ಟು ಕೊಂಡು, ಪಕ್ಷಕ್ಕೆ ದೇಣಿಗೆಯಾಗಿ ಕೊಡುವ ಚೀಟಿ.

ಈ ಬಾಂಡ್ ಹೇಗಿತ್ತು ಎಂದು ಹಂತ ಹಂತವಾಗಿ ಹೇಳುತ್ತೇನೆ. ಮಾರುವುದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಮಾತ್ರ, ಅದೂ ಗೊತ್ತುಪಡಿಸಿದ ಶಾಖೆಗಳಲ್ಲಿ ಮಾತ್ರ. ಸಾವಿರ, ಹತ್ತು ಸಾವಿರ, ಒಂದು ಲಕ್ಷ, ಹತ್ತು ಲಕ್ಷ, ಒಂದು ಕೋಟಿ, ಹೀಗೆ ಐದು ಮುಖಬೆಲೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ತಲಾ ಹತ್ತು ದಿನ ಮಾರಾಟ. ಕೊಳ್ಳುವವರು ಗುರುತಿನ ದಾಖಲೆ ಕೊಡಬೇಕು, ಹಣ ಬ್ಯಾಂಕ್ ಖಾತೆಯಿಂದಲೇ ಬರಬೇಕು. ಬಾಂಡಿನ ಮೇಲೆ ಕೊಂಡವರ ಹೆಸರಿಲ್ಲ, ಪಡೆಯುವವರ ಹೆಸರೂ ಇಲ್ಲ. ಹಿಂದಿನ ಚುನಾವಣೆಯಲ್ಲಿ ಶೇಕಡ 1ರಷ್ಟಾದರೂ ಮತ ಪಡೆದ ನೋಂದಾಯಿತ ಪಕ್ಷ 15 ದಿನದೊಳಗೆ ಅದನ್ನು ತನ್ನ ಖಾತೆಗೆ ಹಾಕಿಕೊಳ್ಳಬೇಕು. ತಪ್ಪಿದರೆ ಹಣ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಹೋಗುತ್ತಿತ್ತು.

ನಮ್ಮ ರಾಜ್ಯದ ಕೇಳುಗರು ಇಲ್ಲಿ ಒಂದು ವಿಷಯ ಗಮನಿಸಬೇಕು. ಮೇ ತಿಂಗಳು ಆ ಪಟ್ಟಿಯಲ್ಲಿಲ್ಲ. ಆದರೂ 2018ರ ಮೇ 1ರಿಂದ 10ರವರೆಗೆ ಬಾಂಡ್ ಮಾರಾಟ ತೆರೆಯಿತು. ಕರ್ನಾಟಕ ವಿಧಾನಸಭೆಗೆ ಮತದಾನ ನಡೆದದ್ದು ಮೇ 12ಕ್ಕೆ.

ಇದೆಲ್ಲ ಸಾಮಾನ್ಯ ಜನ ತಮ್ಮ ಪಕ್ಷಕ್ಕೆ ಸಾವಿರ ರೂಪಾಯಿ ಕೊಡಲು ಮಾಡಿದ ಅನುಕೂಲ ಎಂದು ಹೇಳಲಾಗುತ್ತಿತ್ತು. ಮಾರಾಟವಾದ ಬಾಂಡುಗಳ ಮೊತ್ತದಲ್ಲಿ ಶೇಕಡ 90ಕ್ಕೂ ಹೆಚ್ಚು ಒಂದು ಕೋಟಿ ಮುಖಬೆಲೆಯವು. ನಿಮ್ಮ ಬೀದಿಯಲ್ಲಿ ಒಂದು ಕೋಟಿಯ ಚೀಟಿ ಕೊಳ್ಳುವವರು ಎಷ್ಟು ಮಂದಿ ಇದ್ದಾರೆ, ನೀವೇ ಹೇಳಿ.

ಈಗ ಬಾಂಡಿನಲ್ಲಿ ಅಡಗಿದ್ದ ಒಂದು ನಂಬರಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಯಾರು ಯಾರಿಗೆ ಕೊಟ್ಟರೆಂಬುದು ಯಾರಿಗೂ ತಿಳಿಯದು, ಆದ್ದರಿಂದ ಗೆದ್ದ ಪಕ್ಷ ತನಗೆ ಕೊಡದವರಿಗೆ ಕಾಟ ಕೊಡಲಾಗದು ಎಂಬುದು ಸರ್ಕಾರದ ವಾದವಾಗಿತ್ತು. 2018ರ ಏಪ್ರಿಲ್‌ನಲ್ಲಿ ಪತ್ರಕರ್ತೆಯೊಬ್ಬರು ತಲಾ ಸಾವಿರ ರೂಪಾಯಿಯ ಎರಡು ಬಾಂಡ್ ಕೊಂಡರು. ಒಂದನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿದರು. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ಅತಿನೇರಳೆ ದೀಪದ ಕೆಳಗೆ ಹಿಡಿದಾಗ ಬಲಗಡೆಯ ಮೇಲಿನ ಮೂಲೆಯಲ್ಲಿ ಅಕ್ಷರ ಮತ್ತು ಅಂಕಿ ಸೇರಿದ ಒಂದು ನಂಬರು ಹೊಳೆಯಿತು. ಒಂದೊಂದು ಬಾಂಡಿಗೆ ಒಂದೊಂದು ನಂಬರು. ಖೋಟಾ ತಡೆಯಲು ಇಟ್ಟ ಭದ್ರತಾ ಗುರುತು ಅದು ಎಂದು ಸರ್ಕಾರ ಹೇಳಿತು.

ಈಗ ಯೋಚಿಸಿ. ಕೊಂಡವರ ವಿವರ ಬ್ಯಾಂಕಿನಲ್ಲಿದೆ. ಖಾತೆಗೆ ಹಾಕಿಕೊಂಡ ಪಕ್ಷದ ವಿವರವೂ ಅದೇ ಬ್ಯಾಂಕಿನಲ್ಲಿದೆ. ನಡುವಿನ ಕೊಂಡಿ ಈ ನಂಬರು. ಕ್ರಿಮಿನಲ್ ಪ್ರಕರಣ ದಾಖಲಾದರೆ ತನಿಖಾ ಸಂಸ್ಥೆಗೆ ವಿವರ ಕೊಡಬೇಕೆಂದು ಯೋಜನೆಯಲ್ಲೇ ಬರೆದಿತ್ತು. ತನಿಖಾ ಸಂಸ್ಥೆಗಳು ಯಾರ ಕೈಯಲ್ಲಿರುತ್ತವೆ? ಅಧಿಕಾರದಲ್ಲಿರುವವರ ಕೈಯಲ್ಲಿ. ಕೊಟ್ಟವರಿಗೆ ಗೊತ್ತು, ಪಡೆದವರಿಗೆ ಗೊತ್ತು, ಬ್ಯಾಂಕಿಗೆ ಗೊತ್ತು, ಸರ್ಕಾರ ಬಯಸಿದರೆ ಅದಕ್ಕೂ ಗೊತ್ತಾಗುತ್ತದೆ. ಗೊತ್ತಾಗದೇ ಉಳಿಯುವವರು ಒಬ್ಬರೇ, ಮತದಾರರು.

ಚುನಾವಣಾ ಸುಧಾರಣೆಗಾಗಿ ಕೆಲಸ ಮಾಡುವ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್), ಕಾಮನ್ ಕಾಸ್ ಎಂಬ ಸಂಸ್ಥೆಗಳು ಮತ್ತು ಸಿಪಿಎಂ ಪಕ್ಷ ಈ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದವು. ವರ್ಷಗಳು ಉರುಳಿದವು. 2024ರ ಫೆಬ್ರುವರಿ 15ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಯೋಜನೆಯನ್ನು ರದ್ದುಮಾಡಿತು. ಪಕ್ಷಕ್ಕೆ ಹಣ ಎಲ್ಲಿಂದ ಬಂತೆಂದು ತಿಳಿಯುವುದು ಮತದಾರರ ಹಕ್ಕು ಎಂದಿತು. 2019ರ ಏಪ್ರಿಲ್ 12ರಿಂದ ಮಾರಾಟವಾದ ಎಲ್ಲ ಬಾಂಡುಗಳ ವಿವರವನ್ನು ಮಾರ್ಚ್ 6ರೊಳಗೆ ಚುನಾವಣಾ ಆಯೋಗಕ್ಕೆ ಕೊಡಿ ಎಂದು ಬ್ಯಾಂಕಿಗೆ ಆದೇಶಿಸಿತು.

ಮಾರ್ಚ್ 4ರಂದು ಬ್ಯಾಂಕ್ ಕಾಲಾವಕಾಶ ಕೇಳಿತು. ಎಲ್ಲಿಯವರೆಗೆ? ಜೂನ್ 30ರವರೆಗೆ. ಒಟ್ಟು 22,217 ಬಾಂಡುಗಳಿವೆ, ಕೊಂಡವರದ್ದೊಂದು ಕಡೆ, ಪಕ್ಷಗಳದ್ದೊಂದು ಕಡೆ, ಎಲ್ಲ ಮುಚ್ಚಿದ ಲಕೋಟೆಯಲ್ಲಿವೆ, ತಾಳೆ ಹಾಕಲು ತಿಂಗಳುಗಳೇ ಬೇಕು ಎಂದಿತು. ಆ ವರ್ಷದ ಲೋಕಸಭಾ ಚುನಾವಣೆಯ ಮತ ಎಣಿಕೆ ಜೂನ್ 4ಕ್ಕೆ. ಜೂನ್ 30ಕ್ಕೆ ಪುಸ್ತಕ ತೆರೆದಿದ್ದರೆ ನಿಮಗೆ ಯಾವ ಉಪಯೋಗ? ಮದುವೆ ಮುಗಿದು, ಚಪ್ಪರ ಬಿಚ್ಚಿ, ನೆಂಟರೆಲ್ಲ ಊರಿಗೆ ಹೋದ ಮೇಲೆ ಕೊಟ್ಟ ಲೆಕ್ಕ ಅದು.

ಕೋರ್ಟ್ ಒಪ್ಪಲಿಲ್ಲ. ಮಾರನೆಯ ದಿನವೇ ಕೊಡಿ ಎಂದು ಮಾರ್ಚ್ 11ರಂದು ಹೇಳಿತು. ಮಾರ್ಚ್ 12ಕ್ಕೆ ಬ್ಯಾಂಕ್ ಕೊಟ್ಟಿತು. ಮಾರ್ಚ್ 14ರಂದು ಆಯೋಗ 763 ಪುಟಗಳ ಎರಡು ಪಟ್ಟಿ ಪ್ರಕಟಿಸಿತು. ಒಂದರಲ್ಲಿ ಕೊಂಡವರು, ದಿನಾಂಕ, ಮೊತ್ತ. ಇನ್ನೊಂದರಲ್ಲಿ ಪಕ್ಷ, ದಿನಾಂಕ, ಮೊತ್ತ. ನಂಬರ್ ಮಾತ್ರ ಇಲ್ಲ! ಕೊಯಮತ್ತೂರಿನ ಲಾಟರಿ ಕಂಪನಿ ಫ್ಯೂಚರ್ ಗೇಮಿಂಗ್ 1,368 ಕೋಟಿ ರೂಪಾಯಿಯ ಬಾಂಡ್ ಕೊಂಡಿದೆ ಎಂದು ಜನ ನೋಡಿದರು. ಯಾರಿಗೆ ಕೊಟ್ಟಿತು? ತಿಳಿಯಲಿಲ್ಲ. ಮಾರ್ಚ್ 18ರಂದು ಕೋರ್ಟ್ ಮತ್ತೆ ಬ್ಯಾಂಕಿಗೆ ಹೇಳಬೇಕಾಯಿತು, ಆ ನಂಬರೂ ಸೇರಿದಂತೆ ಏನನ್ನೂ ಉಳಿಸಿಕೊಳ್ಳಬೇಡಿ ಎಂದು. ಮಾರ್ಚ್ 21ಕ್ಕೆ ನಂಬರ್ ಬಂತು. ಅದಾದ ಮೇಲೆ ಎರಡು ಪಟ್ಟಿಯನ್ನೂ ಕಂಪ್ಯೂಟರಿನಲ್ಲಿ ಹಾಕಿ ನಂಬರಿಗೆ ನಂಬರು ಹೊಂದಿಸುವುದು ಕೆಲವೇ ಗಂಟೆಗಳ ಕೆಲಸವಾಯಿತು. ಜೂನ್ ತಿಂಗಳವರೆಗೆ ಬೇಕು ಎಂದಿದ್ದ ಕೆಲಸ ಇದೇ.

ತೆರೆದ ಪುಸ್ತಕದಲ್ಲಿ ಕಂಡದ್ದೇನು? ಫ್ಯೂಚರ್ ಗೇಮಿಂಗ್ ಹಣದಲ್ಲಿ ಸುಮಾರು 540 ಕೋಟಿ ತೃಣಮೂಲ ಕಾಂಗ್ರೆಸ್‌ಗೆ, 500 ಕೋಟಿಗೂ ಹೆಚ್ಚು ಡಿಎಂಕೆಗೆ, 100 ಕೋಟಿ ಬಿಜೆಪಿಗೆ ಹೋಗಿತ್ತು. ಮೂರು ಪಕ್ಷಗಳೂ ಎಲ್ಲೋ ಒಂದು ಕಡೆ ಅಧಿಕಾರದಲ್ಲಿದ್ದವು. ಆ ಕಂಪನಿಯ ಮೊತ್ತವನ್ನು 95 ಲಕ್ಷದಿಂದ ಭಾಗಿಸಿ ನೋಡಿ, 1,440 ಬರುತ್ತದೆ. ಲೋಕಸಭೆಯಲ್ಲಿರುವುದೇ 543 ಸ್ಥಾನ. ಒಂದೇ ಕಂಪನಿ 1,440 ಅಭ್ಯರ್ಥಿಗಳ ಪೂರ್ತಿ ಖರ್ಚು ಹೊರುವಷ್ಟು ಕೊಟ್ಟಿದೆ. ಎರಡನೆಯ ಸ್ಥಾನ ಹೈದರಾಬಾದಿನ ಮೇಘಾ ಎಂಜಿನಿಯರಿಂಗ್ ಕಂಪನಿಯದು, 966 ಕೋಟಿ. ಅಣೆಕಟ್ಟು, ನೀರಾವರಿ, ಸುರಂಗ ಕಾಮಗಾರಿಗಳ ಸರ್ಕಾರಿ ಗುತ್ತಿಗೆ ಮಾಡುವ ಕಂಪನಿ ಅದು. ಅದರ ಹಣ ಹೆಚ್ಚಾಗಿ ಹೋದದ್ದು ಬಿಜೆಪಿಗೆ, ಆಮೇಲೆ ತೆಲಂಗಾಣದ ಬಿಆರ್‌ಎಸ್‌ಗೆ. ನಮ್ಮ ಜೆಡಿಎಸ್ ಪಕ್ಷಕ್ಕೆ ಬಾಂಡಿನಿಂದ ಬಂದ 89.75 ಕೋಟಿಯಲ್ಲಿ 50 ಕೋಟಿ ಇದೇ ಕಂಪನಿಯದು. ಪ್ರಕಟವಾದ ಅವಧಿಯಲ್ಲಿ ಎಲ್ಲರಿಗಿಂತ ಹೆಚ್ಚು ಪಡೆದದ್ದು ಬಿಜೆಪಿ, ಸುಮಾರು 6,060 ಕೋಟಿ. ತೃಣಮೂಲಕ್ಕೆ ಸುಮಾರು 1,609 ಕೋಟಿ, ಕಾಂಗ್ರೆಸ್‌ಗೆ 1,421 ಕೋಟಿ. ನಿಮ್ಮ ಪಕ್ಷ ಯಾವುದೇ ಇರಲಿ, ಪಟ್ಟಿಯಲ್ಲಿ ಅದನ್ನು ಹುಡುಕಿ ನೋಡಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಬಾಂಡ್ ಹೋಯಿತು, ಶೇಕಡ 7.5ರ ಮಿತಿ ಮರಳಿ ಬಂತು. ಹಾಗೆಂದು ಪುಸ್ತಕ ಪೂರ್ತಿ ತೆರೆದಿಲ್ಲ. ಎರಡು ಕಿಂಡಿಗಳು ಹಾಗೇ ಇವೆ. ಮೊದಲನೆಯದು, 20 ಸಾವಿರ ರೂಪಾಯಿ ಮೀರಿದರೆ ಮಾತ್ರ ಪಕ್ಷವು ಕೊಟ್ಟವರ ಹೆಸರನ್ನು ಆಯೋಗಕ್ಕೆ ತಿಳಿಸಬೇಕು. ದೊಡ್ಡ ಮೊತ್ತವನ್ನು 19 ಸಾವಿರದಂತೆ ಹಲವು ಹೆಸರಿಗೆ ಹರಿದು ಹಂಚಿದರೆ ಪಟ್ಟಿಯಲ್ಲಿ ಬರುವುದೇ ಇಲ್ಲ. ಎರಡನೆಯದು ಎಲೆಕ್ಟೋರಲ್ ಟ್ರಸ್ಟ್. ಹಲವು ಕಂಪನಿಗಳು ಒಂದು ಟ್ರಸ್ಟಿಗೆ ಹಣ ಹಾಕುತ್ತವೆ, ಟ್ರಸ್ಟು ಅದರಲ್ಲಿ ಶೇಕಡ 95ನ್ನು ಆ ವರ್ಷವೇ ಪಕ್ಷಗಳಿಗೆ ಹಂಚಬೇಕು. ಟ್ರಸ್ಟಿಗೆ ಕೊಟ್ಟವರ ಹೆಸರು ಸಿಗುತ್ತದೆ, ಪಡೆದ ಪಕ್ಷದ ಹೆಸರೂ ಸಿಗುತ್ತದೆ. ಆದರೆ ಹತ್ತು ಮನೆಯ ಹಾಲನ್ನು ಒಂದೇ ಕ್ಯಾನಿಗೆ ಸುರಿದ ಮೇಲೆ ಯಾವ ಲೋಟದಲ್ಲಿ ಯಾರ ಹಾಲು ಎಂದು ಹೇಗೆ ಹೇಳುತ್ತೀರಿ? ಇನ್ನು ವಾರ್ಷಿಕ ದೇಣಿಗೆ ವರದಿ ಬರುವುದು ಹಣಕಾಸು ವರ್ಷ ಮುಗಿದು ತಿಂಗಳುಗಳಾದ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಚುನಾವಣೆ ಎಂದರೆ, ಅದಕ್ಕಾಗಿ ಫೆಬ್ರುವರಿಯಲ್ಲಿ ಬಂದ ಹಣದ ಹೆಸರು ನಿಮಗೆ ಕಾಣುವುದು ಫಲಿತಾಂಶದ ನಂತರ. ಇದು ಬದಲಾಗಬೇಕು. ದೊಡ್ಡ ದೇಣಿಗೆ ಬಂದ ಕೆಲವೇ ದಿನಗಳಲ್ಲಿ ಹೆಸರು ಪ್ರಕಟವಾಗಬೇಕು, ಮತದಾನಕ್ಕೆ ಮುಂಚೆಯೇ. ನಿಮ್ಮ ಮನೆ ಬಾಗಿಲಿಗೆ ಮತ ಕೇಳಲು ಬಂದವರ ಹತ್ತಿರ ಇದನ್ನೇ ಕೇಳಿ.

ನೀವೇ ನೋಡಬಯಸಿದರೆ, ಚುನಾವಣಾ ಆಯೋಗದ ಜಾಲತಾಣದಲ್ಲಿ ಪಕ್ಷಗಳ ದೇಣಿಗೆ ವರದಿ ಇರುತ್ತದೆ. ಅದರಲ್ಲಿ ಮೊದಲು ದೊಡ್ಡ ಮೊತ್ತಗಳನ್ನು ಗುರುತು ಮಾಡಿಕೊಳ್ಳಿ. ಒಂದೇ ವಿಳಾಸದಲ್ಲಿ ಬೇರೆ ಬೇರೆ ಕಂಪನಿಗಳಿವೆಯೇ ನೋಡಿ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಕಂಪನಿ ನೋಂದಣಿಯಾದ ದಿನಾಂಕ ನೋಡಿ, ಮೂರು ವರ್ಷ ತುಂಬಿರಬೇಕೆಂಬುದನ್ನು ಮರೆಯಬೇಡಿ. ಆಮೇಲೆ ದೇಣಿಗೆಯ ದಿನಾಂಕದ ಹಿಂದೆ ಮುಂದೆ ಆ ಕಂಪನಿಗೆ ಯಾವ ಟೆಂಡರ್ ಸಿಕ್ಕಿತು, ಯಾವ ದಾಳಿ ನಡೆಯಿತು ಎಂದು ಪತ್ರಿಕೆಗಳಲ್ಲಿ ಹುಡುಕಿ.

ನಿಮ್ಮ ಕ್ಷೇತ್ರದ ಅಭ್ಯರ್ಥಿಯ ಲೆಕ್ಕಕ್ಕಾದರೆ ಇಂಟರ್ನೆಟ್ಟೂ ಬೇಡ. ನಾಮಪತ್ರಕ್ಕೆ ಒಂದು ದಿನ ಮುಂಚೆಯಾದರೂ ಅವರು ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು, ದಿನದಿನದ ಖರ್ಚು ರಿಜಿಸ್ಟರಿನಲ್ಲಿ ಬರೆಯಬೇಕು. ಪ್ರಚಾರದ ಅವಧಿಯಲ್ಲಿ ಆ ರಿಜಿಸ್ಟರ್ ಮೂರು ಸಲ ತಪಾಸಣೆಗೆ ಬರುತ್ತದೆ. ತಪಾಸಣೆಯಾದ ಮೇಲೆ ಚುನಾವಣಾಧಿಕಾರಿಯ ಕಚೇರಿಗೆ ಹೋಗಿ ಪ್ರತಿ ಕೇಳಿ. ಪುಟಕ್ಕೆ ಒಂದು ರೂಪಾಯಿ. ಮತದಾನದ ದಿನಕ್ಕೆ ಮುಂಚೆಯೇ ಅದು ನಿಮ್ಮ ಕೈಗೆ ಸಿಗುತ್ತದೆ.

ನಮಸ್ಕಾರ.