ಸೈಕಲ್ ಕೊಳ್ಳುವ ಮುಂಚೆ ಕಾಲು ಅಳೆಯಿರಿ

ಕೇಳುಗರೇ, ನಮಸ್ಕಾರ.

ಸೈಕಲ್ ಅಂಗಡಿಗೆ ಹೋದರೆ ನಾವು ಮೊದಲು ಕೇಳುವುದು ಬೆಲೆ. ಆಮೇಲೆ ಗೇರು ಎಷ್ಟಿದೆ ಅಂತ. ಫ್ರೇಮ್, ಅಂದರೆ ಸೈಕಲ್‌ನ ಕೊಳವೆಗಳ ಚೌಕಟ್ಟು, ಅದರ ಸೈಜು ಕೇಳುವವರು ತುಂಬಾ ಕಡಿಮೆ. ಗೇರು ಕೆಟ್ಟರೆ ಬದಲಾಯಿಸಬಹುದು, ಸೀಟು ಹಿಡಿಸದಿದ್ದರೆ ಬೇರೆ ಹಾಕಿಸಬಹುದು. ಫ್ರೇಮ್ ಮಾತ್ರ ತಂದದ್ದೇ ತಂದದ್ದು.

ಹೈಬ್ರಿಡ್ ಸೈಕಲ್‌ಗೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ರೋಡ್ ಬೈಕ್ ಸೈಕಲ್‌ನ ಹಾಗೆ ದೊಡ್ಡ ಚಕ್ರ, ಗುಡ್ಡಗಾಡಿನ ಮೌಂಟನ್ ಬೈಕ್ ಸೈಕಲ್‌ನ ಹಾಗೆ ನೇರ ಹ್ಯಾಂಡಲ್ ಇರುತ್ತದೆ. ದಿನಾ ಆಫೀಸಿಗೆ, ಭಾನುವಾರ ಊರಾಚೆಗೆ ಹೋಗುವವರಿಗೆ ಇದೇ ಸರಿ. ನುಣುಪಾದ ಟಾರು ರಸ್ತೆ, ಅದರ ನಡುವೆ ಗುಂಡಿ, ಹಂಪು, ಅಗೆದು ಮುಚ್ಚಿದ ಜಾಗ ಎಲ್ಲ ಇರುವ ನಮ್ಮ ಊರುಗಳಿಗೆ 35ರಿಂದ 40 ಮಿಲಿಮೀಟರ್ ಅಗಲದ ಟಯರ್ ಚೆನ್ನಾಗಿ ಹೊಂದುತ್ತದೆ. ಕಡಿಮೆ ಬೆಲೆಯ ಸೈಕಲ್‌ನಲ್ಲಿ ಮುಂದೆ ಸಸ್ಪೆನ್ಷನ್ ಇದೆ ಅಂತ ಖುಷಿಪಡಬೇಡಿ. ಅದರಿಂದ ತೂಕ ಜಾಸ್ತಿ, ಏರಿನಲ್ಲಿ ಪೆಡಲ್ ಒತ್ತಿದ ಶಕ್ತಿಯೂ ಒಂದಿಷ್ಟು ಅದರಲ್ಲೇ ಇಂಗಿಹೋಗುತ್ತದೆ. ಸಸ್ಪೆನ್ಷನ್ ಇಲ್ಲದ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು), ಸ್ವಲ್ಪ ದಪ್ಪ ಟಯರ್ ಸಾಕು.

ಈಗ ಸೈಜಿನ ವಿಷಯ. ನಮ್ಮಲ್ಲಿ ಒಂದು ಗೊಂದಲವಿದೆ. 'ಎಷ್ಟು ಇಂಚಿನ ಸೈಕಲ್ ಬೇಕು' ಅಂತ ಅಂಗಡಿಯವರು ಕೇಳಿದಾಗ 26 ಅಂತಲೋ 28 ಅಂತಲೋ ಹೇಳುತ್ತೇವಲ್ವಾ, ಅದು ಚಕ್ರದ ಅಳತೆ. ಹೈಬ್ರಿಡ್‌ಗಳಲ್ಲಿ ಹೆಚ್ಚಾಗಿ ಬರುವುದು 700ಸಿ ಅನ್ನುವ ಅಳತೆಯ ಚಕ್ರ. ಐದಡಿಯವರಿಗೂ ಆರಡಿಯವರಿಗೂ ಸಾಮಾನ್ಯವಾಗಿ ಅದೇ ಚಕ್ರ. ಬದಲಾಗುವುದು ಫ್ರೇಮ್. ಪೆಡಲ್ ತಿರುಗುವ ನಡುಭಾಗದಿಂದ ಸೀಟಿನ ಕಡೆಗೆ ಹೋಗುವ ಕೊಳವೆಯ ಉದ್ದವೇ ಫ್ರೇಮ್ ಸೈಜು. ಅದನ್ನು 17 ಇಂಚು, 19 ಇಂಚು ಅಂತಲೋ, ಎಸ್, ಎಂ, ಎಲ್ ಅಂತಲೋ ಬರೆದಿರುತ್ತಾರೆ. ಒಂದು ಕಂಪನಿಯ ಎಂ ಇನ್ನೊಂದರ ಎಲ್ ಆಗಿರಬಹುದು. ಅಕ್ಷರ ನಂಬಬೇಡಿ, ಕಂಪನಿಯ ಸೈಜು ಪಟ್ಟಿ ನೋಡಿ.

ಪಟ್ಟಿ ನೋಡಲು ಎತ್ತರದ ಜೊತೆಗೆ ಕಾಲಿನ ಒಳ ಅಳತೆಯೂ ಬೇಕು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ, ಅದರ ಬೆನ್ನುಪಟ್ಟಿ (ಹಾಳೆ ಕೂಡಿಸಿದ ಅಂಚು) ಮೇಲೆ ಬರುವಂತೆ ಇಟ್ಟು, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಮೇಲಕ್ಕೆ ಒತ್ತಿ. ಬೆನ್ನುಪಟ್ಟಿಯಿಂದ ನೆಲದವರೆಗೆ ಮನೆಯವರು ಯಾರಾದರೂ ಟೇಪು ಹಿಡಿಯಲಿ. ಅದು 78 ಸೆಂಟಿಮೀಟರ್ ಬಂತು ಅನ್ನಿ. ಅದನ್ನು 0.883ರಿಂದ ಗುಣಿಸಿದರೆ ಸುಮಾರು 69. ಪೆಡಲ್ ತಿರುಗುವ ಆ ನಡುಭಾಗದಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ ಹೆಚ್ಚುಕಡಿಮೆ ಅಷ್ಟು. ಇದು ಶುರು ಮಾಡಲು ಮಾತ್ರ. ಆಮೇಲೆ ಮೈಗೆ ತಕ್ಕಂತೆ ಸರಿಮಾಡಿಕೊಳ್ಳಬೇಕು.

ಅಂಗಡಿಯಲ್ಲಿ ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಬಾರ್‌ನ ಎರಡೂ ಕಡೆ ಕಾಲಿಟ್ಟು, ಪಾದ ಪೂರ್ತಿ ನೆಲಕ್ಕೂರಿ ನಿಲ್ಲಿ. ಬಾರ್‌ಗೂ ಮೈಗೂ ನಡುವೆ ಎರಡು ಮೂರು ಬೆರಳಿನಷ್ಟಾದರೂ ಜಾಗ ಇರಲಿ. ಸಿಗ್ನಲ್ಲಿನಲ್ಲಿ ತಟ್ಟನೆ ಇಳಿಯುವಾಗ ಇದರ ಬೆಲೆ ಗೊತ್ತಾಗುತ್ತದೆ. ನಂತರ ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗ ಇಟ್ಟು ತುಳಿದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಸೀಟು ತಗ್ಗಿದ್ದರೆ ಮಂಡಿ ನೋವು ಬರಬಹುದು. ಎರಡೂ ಪಾದ ನೆಲಕ್ಕೆ ಸಿಗಲಿ ಅಂತ ಸೀಟು ಇಳಿಸಿಕೊಂಡು ಓಡಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಸೀಟು ಏರಿಸಿ ಇಳಿಸಿ ಕಾಲಿನ ಲೆಕ್ಕ ಸರಿಮಾಡಬಹುದು, ಹ್ಯಾಂಡಲ್‌ವರೆಗಿನ ದೂರವನ್ನು ಅಷ್ಟು ಸುಲಭವಾಗಿ ಬದಲಾಯಿಸಲು ಆಗುವುದಿಲ್ಲ. ಫ್ರೇಮ್ ದೊಡ್ಡದಾದರೆ ಕೈ ಚಾಚಿ ಚಾಚಿ ಕತ್ತು ಹಿಡಿದುಕೊಳ್ಳುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ಮೊಣಕೈ ಸ್ವಲ್ಪ ಬಾಗಿ, ಭುಜ ಸಡಿಲವಾಗಿರಬೇಕು. ಎರಡು ಸೈಜಿನ ನಡುವೆ ಸಿಕ್ಕಿಕೊಂಡವರಿಗೆ ನಾನು ಸಾಮಾನ್ಯವಾಗಿ ಚಿಕ್ಕದನ್ನೇ ಹೇಳುತ್ತೇನೆ. ಸೀಟಿನ ಕಂಬಿ ಎತ್ತಿಕೊಳ್ಳಬಹುದು, ಆದರೆ ಇದಕ್ಕಿಂತ ಮೇಲೆ ಎತ್ತಬೇಡಿ ಅಂತ ಅದರ ಮೇಲಿರುವ ಗುರುತು ದಾಟಿಸಬಾರದು.

ಮಕ್ಕಳಿಗೆ ಮಾತ್ರ 'ಬೆಳೆಯೋ ವಯಸ್ಸು, ಒಂದು ಸೈಜು ದೊಡ್ಡದೇ ಇರಲಿ' ಅಂತ ಯೂನಿಫಾರ್ಮ್ ಹೊಲಿಸುವ ಹಾಗೆ ಸೈಕಲ್ ಕೊಡಿಸಬೇಡಿ. ದೊಗಲೆ ಅಂಗಿಯಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಕಾಲು ನೆಲಕ್ಕೆ ಎಟುಕದ ಸೈಕಲ್‌ನಲ್ಲಿ ಮಗು ಬ್ರೇಕ್ ಹಿಡಿದರೆ ಬೀಳುತ್ತದೆ.

ನಿಮ್ಮ ಸೈಜು ಅಂಗಡಿಯಲ್ಲಿ ಇಲ್ಲದಿದ್ದರೆ, 'ಇದೇ ಅಡ್ಜಸ್ಟ್ ಆಗುತ್ತೆ ಸಾರ್' ಅನ್ನುತ್ತಾರೆ. ಒಪ್ಪಬೇಡಿ. ತರಿಸಿಕೊಡಿ, ಕಾಯುತ್ತೇನೆ ಅನ್ನಿ. ಬಂದ ಮೇಲೆ ದುಡ್ಡು ಕೊಡುವ ಮುಂಚೆ ಹತ್ತು ನಿಮಿಷವಾದರೂ ರಸ್ತೆಯಲ್ಲಿ ಓಡಿಸಿ ನೋಡಿ, ಸಾಧ್ಯವಾದರೆ ಒಂದು ಏರೂ ಹತ್ತಿಸಿ.

ನಮಸ್ಕಾರ.