ತಾರೀಖು ಮುಂದೆ ಹೋಯಿತು, ಬಸ್ ಚಾರ್ಜು ಯಾರು ಕೊಡಬೇಕು?

ನಮಸ್ಕಾರ. ಇವತ್ತು ಕೋರ್ಟಿನ ತಾರೀಖಿನ ಬಗ್ಗೆ ಮಾತಾಡೋಣ.

ಚಿಂಚೋಳಿ ಕಡೆಯ ಒಬ್ಬ ರೈತ ತೊಗರಿ ರಾಶಿ ಬಿಟ್ಟು ಹೊಲದ ಪಾಲಿನ ಕೇಸಿಗೆ ಬರ್ತಾನೆ ಅಂದುಕೊಳ್ಳಿ. ಮಧ್ಯಾಹ್ನದವರೆಗೆ ಕಾಯುತ್ತಾನೆ. ಎದುರಿನ ವಕೀಲರು ಬಂದಿಲ್ಲ. ಕೇಸು ಮುಂದಕ್ಕೆ ಹೋಯಿತು. ಆ ದಿನದ ಖರ್ಚು ಯಾರ ತಲೆ ಮೇಲೆ? ಈಗಂತೂ ರೈತನ ತಲೆ ಮೇಲೇ.

ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಸಿವಿಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ 1908ರ ಸಿವಿಲ್ ಪ್ರೊಸೀಜರ್ ಕೋಡ್‌ನ ಆರ್ಡರ್ 17 ತೆಗೆದು ನೋಡಿ. ವಿಚಾರಣೆ ನಡೆಯುವಾಗ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಜಾಸ್ತಿ ಸಲ ಮುಂದೂಡಿಕೆ ಕೊಡುವಂತಿಲ್ಲ. ಪ್ರತಿ ಸಲ ಕೊಡುವಾಗಲೂ ಕಾರಣ ಬರೆಯಬೇಕು. ವಕೀಲರು ಬೇರೆ ಕೋರ್ಟಿನಲ್ಲಿ ಇದ್ದಾರೆ ಅನ್ನುವುದು ಕಾರಣವೇ ಆಗುವುದಿಲ್ಲ. ಅದೇ ಕೋಡ್‌ನ ಸೆಕ್ಷನ್ 35ಬಿ ಇನ್ನೂ ಮುಖ್ಯ. ಸುಮ್ನೆ ತಡ ಮಾಡಿದವರಿಂದ, ಅವತ್ತು ಕೋರ್ಟಿಗೆ ಬಂದವರ ಖರ್ಚು ಕೊಡಿಸಬಹುದು. ಹಾಗೆ ಆದೇಶ ಆದಮೇಲೆ ದುಡ್ಡು ಕಟ್ಟದೆ ಅವರು ಕೇಸು ಮುಂದುವರಿಸುವ ಹಾಗಿಲ್ಲ.

ಮೂರರ ಮಿತಿ ಕಲ್ಲಿನ ಗೆರೆ ಏನೂ ಅಲ್ಲ, ನಿಜ. ಕೈಮೀರಿದ ಕಷ್ಟ ಇದ್ದರೆ ನ್ಯಾಯಾಧೀಶರು ಇನ್ನೊಂದು ಅವಕಾಶ ಕೊಡಬಹುದು ಅಂತ ಸುಪ್ರೀಂ ಕೋರ್ಟೇ 2005ರಲ್ಲಿ ಹೇಳಿದೆ. ಅದು ನ್ಯಾಯವೇ. ಕಾಯಿಲೆ, ಸಾವು ಯಾರನ್ನೂ ಕೇಳಿ ಬರುವುದಿಲ್ಲವಲ್ಲ. ಆದರೆ ಆ ವಿನಾಯಿತಿಯೇ ರೂಢಿ ಆಗಬಾರದು. ಅದೇ 2005ರಲ್ಲಿ ಕರ್ನಾಟಕ ಕೆಳ ಕೋರ್ಟುಗಳಿಗೆ, ಕೇಸು ಎಷ್ಟು ಸಮಯದಲ್ಲಿ ಮುಗಿಯಬೇಕು ಅಂತ ಹೇಳುವ ಕೇಸ್ ಫ್ಲೋ ಮ್ಯಾನೇಜ್‌ಮೆಂಟ್ ನಿಯಮ ತಂದಿತು. ಪಾಲಿನ ದಾವೆಗೆ ಅದರಲ್ಲಿ ಇಟ್ಟ ಗುರಿ 24 ತಿಂಗಳು. ನಿಮ್ಮೂರಲ್ಲಿ ಅಷ್ಟರಲ್ಲಿ ಮುಗಿದ ಪಾಲಿನ ಕೇಸು ಯಾವುದಾದರೂ ನೆನಪಿದೆಯಾ?

ಹೈಕೋರ್ಟಿಗಾಗಿ ಬೆಂಗಳೂರಿಗೆ ಹೋಗುವ ಕಷ್ಟವೇನೋ ಕಮ್ಮಿಯಾಯಿತು. 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಬೀದರ್, ಯಾದಗಿರಿಯವರಿಗೂ ಅನುಕೂಲ. ಆದರೆ ಕೆಳಗಿನ ಕೋರ್ಟಿನಲ್ಲೇ ಕೇಸು ನಿಂತರೆ ಆ ಪೀಠ ಹತ್ತಿರ ಇದ್ದು ಏನು ಪ್ರಯೋಜನ?

ಹಾಗಾಗಿ ಕೇಳಿ. ಎದುರಿನವರು ಸಮಯ ಕೇಳಿದರೆ, ಖರ್ಚು ಕೊಡಿಸಿ ಅಂತ ಅರ್ಜಿ ಹಾಕಲು ನಿಮ್ಮ ವಕೀಲರಿಗೆ ಹೇಳಿ. ಅವತ್ತು ಏನಾಯಿತು ಅಂತ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ನಂಬರ್, ಅಂದರೆ ನಿಮ್ಮ ಕೇಸಿನ ಗುರುತಿನ ಸಂಖ್ಯೆ, ಹಾಕಿ ನೋಡಿ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ.

ನ್ಯಾಯಾಧೀಶರಿಗೂ ವಕೀಲರ ಸಂಘಗಳಿಗೂ ನನ್ನದೊಂದು ಬೇಡಿಕೆ ಇದೆ. ಈ ಆರ್ಡರ್ 17, ಸೆಕ್ಷನ್ 35ಬಿ ಎರಡನ್ನೂ ಸರಳ ಕನ್ನಡದಲ್ಲಿ ಬರೆಸಿ, ಕಲಬುರಗಿ, ಬೀದರ್, ಯಾದಗಿರಿಯ ಪ್ರತಿ ಕೋರ್ಟ್ ಹಾಲ್ ಬಾಗಿಲಿಗೆ ಹಾಕಿಸಿ.