ಏದುಸಿರು ಬಿಡುವ ಬಾಕ್ಸು

ಕೇಳುಗರೇ, ನಮಸ್ಕಾರ.

ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರ್ ಬರೋದು ಕಣ್ಣಿಗಿಂತ ಮೊದಲು ಎದೆಗೆ ಗೊತ್ತಾಗುತ್ತದೆ, ಅಲ್ವಾ? ಅಷ್ಟು ಸೌಂಡು. ನನ್ನ ಅಕ್ಕನ ಮಗನ ಟ್ರ್ಯಾಕ್ಟರಿಗೆ 10 ಇಂಚಿನ ವೂಫರ್, ಅಂದ್ರೆ ದಪ್ಪ ದನಿಯ ಸ್ಪೀಕರ್, ಹಾಕಿ, 40 ಲೀಟರಿನ ಪ್ಲೈವುಡ್ ಬಾಕ್ಸ್ ನಾನೇ ಕಟ್ಟಿಕೊಟ್ಟೆ. ಮೂರನೇ ದಿನ ಫೋನ್ ಬಂತು. "ಮಾಮಾ, ಬಾಕ್ಸ್ ಏದುಸಿರು ಬಿಡಾಕತ್ತೈತಿ!"

ತಪ್ಪು ನನ್ನದೇ. ಮನೆಯಲ್ಲಿ ಬಿದ್ದಿದ್ದ 2 ಇಂಚಿನ ಪಿವಿಸಿ ಪೈಪನ್ನೇ ಪೋರ್ಟ್, ಅಂದ್ರೆ ಬಾಕ್ಸಿನ ಗಾಳಿ ಒಳಗೆ ಹೊರಗೆ ಆಡುವ ಕಿಂಡಿ, ಮಾಡಿದ್ದೆ. ಒಲೆಯ ಊದುಗೊಳವೆ ನೆನಪಿಸಿಕೊಳ್ಳಿ. ಬಾಯಿ ಸಣ್ಣದಾದಷ್ಟೂ ಗಾಳಿ ಜೋರು. ಪೋರ್ಟಿನ ಗಾಳಿ ಸೆಕೆಂಡಿಗೆ 17 ಮೀಟರ್ ದಾಟದಿದ್ದರೆ ಒಳ್ಳೆಯದು ಅಂತ ಒಂದು ಲೆಕ್ಕ ಇದೆ. ಅದನ್ನು ಮೀರಿದರೆ ಪೈಪಿನ ಅಂಚಿನಲ್ಲಿ ಗಾಳಿ ಸುಳಿ ಸುತ್ತಿ ಫುಸ್ ಫುಸ್ ಅನ್ನುತ್ತದೆ.

ಸುಮ್ನೆ ದಪ್ಪ ಪೈಪ್ ಹಾಕಿದರೆ ಆಯ್ತಲ್ಲ? ಆಗಲ್ಲ. ಬಾಕ್ಸಿನ ಗಾಳಿ ಸ್ಪ್ರಿಂಗು, ಪೈಪಿನ ಗಾಳಿ ಅದಕ್ಕೆ ಜೋತುಬಿದ್ದ ತೂಕ. ಬಾಯಿ ಅಗಲವಾದರೆ ಬಾಕ್ಸಿನ ಸ್ವರ ಏರುತ್ತದೆ. ಅದನ್ನು ಇಳಿಸಲು ಪೈಪಿನ ಉದ್ದ ಹೆಚ್ಚಿಸಬೇಕು. ನಮ್ಮ ಟ್ಯೂನಿಂಗ್, ಅಂದ್ರೆ ಬಾಕ್ಸಿಗೆ ಕೂರಿಸಿದ ಸ್ವರ, 35 ಹರ್ಟ್ಜ್: ಸೆಕೆಂಡಿಗೆ 35 ಕಂಪನ. 2 ಇಂಚಿಗೆ ಎಂಟೂವರೆ ಸೆಂಟಿಮೀಟರ್ ಪೈಪ್ ಸಾಕಾಗಿತ್ತು. 4 ಇಂಚಿಗೆ ಬೇಕಾಗಿದ್ದು 41! ಬಾಕ್ಸಿನ ಒಳಗೇ ಅಷ್ಟು ಉದ್ದ ಇರಲಿಲ್ಲ. ಕೊನೆಗೆ ಎಲ್ಬೋ ಹಾಕಿ ಬಗ್ಗಿಸಿದೆ. ಪೈಪಿನ ಒಳತುದಿಗೂ ಹಲಗೆಗೂ ನಡುವೆ 4 ಇಂಚು ಜಾಗ ಬಿಟ್ಟೆ. ಪೈಪೇ ಮೂರ್ನಾಲ್ಕು ಲೀಟರ್ ನುಂಗುತ್ತದೆ, ಹಾಗಾಗಿ ಬಾಕ್ಸನ್ನೂ ಅಷ್ಟು ಹಿಗ್ಗಿಸಿದೆ. ಮೊದಲು ಪೈಪ್ ಗೊತ್ತು ಮಾಡಿಕೊಂಡಿದ್ದರೆ ಒಂದು ಹಲಗೆ ಉಳಿಯುತ್ತಿತ್ತು.

ಇನ್ನು ಅಂಚು. ಗರಗಸದಲ್ಲಿ ಕೊಯ್ದ ಚೂಪು ಅಂಚೇ ಅರ್ಧ ಸದ್ದಿಗೆ ಕಾರಣ. ಅಂಗಳದಲ್ಲಿ ಕೂತು ಪೈಪಿನ ತುದಿ ಬಿಸಿ ಮಾಡಿ, ಸ್ಟೀಲ್ ತಂಬಿಗೆಯ ಬುಡಕ್ಕೆ ಒತ್ತಿದೆ. ಶಹನಾಯಿ ಬಾಯಿಯಂತೆ ಅರಳಿತು. ಒಳತುದಿಗೂ ಹಾಗೇ ಮಾಡಬೇಕು. ಕಣ್ಣಿಗೆ ಕಾಣಲ್ಲ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ.

ಪರೀಕ್ಷೆಗೆ ಹಾಡು ಬೇಡ, ಹಾಡಿನಲ್ಲಿ ಫುಸ್ ಮುಚ್ಚಿಹೋಗುತ್ತದೆ. ಮೊಬೈಲಿನಲ್ಲಿ ಬರೀ 35 ಹರ್ಟ್ಜ್ ಸ್ವರ ಹಚ್ಚಿ ಕಿವಿಗೊಟ್ಟೆ. ಗುಮ್ ಅನ್ನುವುದೊಂದೇ, ಫುಸ್ ಇಲ್ಲ.

ಅಳಿಯ ಖುಷಿಯಾಗಿದ್ದಾನೆ. ಊರೊಳಗೆ ಸೌಂಡ್ ಕಡಿಮೆ ಮಾಡಪ್ಪಾ ಅಂದಿದ್ದೇನೆ, ಕೇಳ್ತಾನೋ ಇಲ್ಲವೋ. ಈಗ ಅವನ ನಂಬರ್ ಪ್ಲೇಟ್ ಕಟಕಟ ಅನ್ನುತ್ತಿದೆಯಂತೆ. ಭಾನುವಾರ ರಬ್ಬರ್ ವಾಶರ್ ತಗೊಂಡು ಹೋಗಬೇಕು.

ನಮಸ್ಕಾರ.